ಮುಂದಿನ ಸಂಚಿಕೆ ಯಾವಾಗ?

ನಮ್ಮ ಪತ್ರಿಕೆ ನಿಂತಿತು.

ಪತ್ರಿಕೆ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಮಂಗಳೂರಿನಲ್ಲಿ ಲಿನಕ್ಸ್ ಹುಚ್ಚು ಹತ್ತಿಸಿಕೊಂಡ ಹತ್ತು ಹನ್ನೆರಡು ಜನ ಸೇರಿ ತಿಂಗಳಿಗೊಮ್ಮೆ ತರುತ್ತಿದ್ದ ಎಂಟು ಪುಟದ ಸುದ್ದಿಪತ್ರ ಅಷ್ಟೆ. ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಶುರುವಾದದ್ದು, ಹನ್ನೊಂದು ವರ್ಷ ನಡೆಯಿತು. ಎರಡು ತಿಂಗಳ ಹಿಂದೆ ಕೊನೆಯ ಸಂಚಿಕೆ ತಂದೆವು. ಇನ್ನು ಬರೆದದ್ದೆಲ್ಲ ಬ್ಲಾಗಿಗೆ.

ಕದ್ರಿ ಪಾರ್ಕಿನಲ್ಲಿ ಕೂತು ಹದಿನೈದು ನಿಮಿಷದಲ್ಲಿ ತೀರ್ಮಾನ ಆಯಿತು. ಬೇಡ ಅನ್ನಲು ನನ್ನ ಹತ್ತಿರ ಕಾರಣವೇ ಇರಲಿಲ್ಲ. ಮೂರನೇ ತಾರೀಕಿಗೆ ಗೊತ್ತಾದ ಭದ್ರತಾ ದೋಷಕ್ಕೆ ಐದಕ್ಕೇ ತೇಪೆ ಬಂದಿರುತ್ತದೆ. ನಾವು ಮೂವತ್ತಕ್ಕೆ ‘ಎಚ್ಚರ’ ಅಂತ ಬರೆಯುವುದು! ಒಮ್ಮೆ ಫೈಲ್ ಅಳಿಸುವ ಆದೇಶದಲ್ಲಿ ಒಂದು ಸ್ಪೇಸ್ ಹೆಚ್ಚು ಬಿದ್ದು ಅಚ್ಚಾಯಿತು. ಅದನ್ನು ಇದ್ದ ಹಾಗೆಯೇ ಟೈಪ್ ಮಾಡಿದ ಹುಡುಗನೊಬ್ಬನ ಪ್ರಾಜೆಕ್ಟ್ ಫೋಲ್ಡರೇ ಮಾಯ. ತಿದ್ದುಪಡಿ ಹಾಕಲು ಮುಂದಿನ ತಿಂಗಳವರೆಗೆ ಕಾಯಬೇಕಾಯಿತು. ತಪ್ಪು ನನ್ನದೇ. ಬ್ಲಾಗ್ ಆಗಿದ್ದರೆ ಅರ್ಧ ನಿಮಿಷದ ಕೆಲಸ.

ಇನ್ನೊಂದು, ಜನ. ಕೆಲವರು ಬೆಂಗಳೂರಿಗೆ ಹೋದರು, ಕೆಲವರಿಗೆ ಮಕ್ಕಳಾದವು, ಕೆಲವರದ್ದು ಅಮೆರಿಕದ ಗಂಟೆಗೆ ಸರಿಯಾಗಿ ಕೆಲಸ. ಏಪ್ರಿಲ್, ಅಕ್ಟೋಬರ್ ಬಂದರೆ ಚಿಂತೆ ಇರಲಿಲ್ಲ, ಉಬುಂಟುವಿನ ಹೊಸ ಆವೃತ್ತಿ ಬರುತ್ತಿತ್ತು, ಎರಡು ಪುಟ ತುಂಬುತ್ತಿತ್ತು. ಉಳಿದ ಹತ್ತು ತಿಂಗಳು? ಕೊನೆಯ ಎರಡು ವರ್ಷ ಎಂಟರಲ್ಲಿ ಐದು ಪುಟ ನಾನೇ ಬರೆದದ್ದು, ಬೇರೆ ಬೇರೆ ಹೆಸರಲ್ಲಿ.

ಸಮಾಧಾನಕ್ಕೆ ದೊಡ್ಡವರ ಉದಾಹರಣೆ ಹುಡುಕಿದೆ. 1999ರಲ್ಲಿ ಶುರುವಾದ ಡೆಬಿಯನ್ ವೀಕ್ಲಿ ನ್ಯೂಸ್ 2007ರಲ್ಲಿ ನಿಂತು, ಮರುವರ್ಷ ಬೇರೆ ಹೆಸರಲ್ಲಿ ಎದ್ದು ಬಂತು. ಜಗತ್ತಿನ ತುಂಬ ಕೆಲಸಗಾರರಿರುವ ಡೆಬಿಯನ್‌ಗೇ ಹಾಗಾದರೆ ನಮ್ಮದು ಯಾವ ಲೆಕ್ಕ? ಅಷ್ಟು ದೂರ ಯಾಕೆ, ನಮ್ಮ ಊರಿನದೇ ಕಥೆ ಉಂಟು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಇಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದರು, ಕನ್ನಡದ ಮೊದಲ ಪತ್ರಿಕೆ. ಮರುವರ್ಷವೇ ಅದು ಅಚ್ಚುಮೊಳೆ ಇದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಅಂದರೆ ಒಳ್ಳೆಯ ತಂತ್ರಜ್ಞಾನ ಸಿಕ್ಕಿದಲ್ಲಿಗೆ ಪತ್ರಿಕೆ ಹೋಗುವುದು ಹೊಸತಲ್ಲ. ಜುಲೈ 1ನ್ನು ನಾವು ಈಗಲೂ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಇಲ್ಲಿ ಅದು ನಿಂತ ದಿನ ಯಾರಿಗೆ ನೆನಪುಂಟು?

ಇಷ್ಟೆಲ್ಲ ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕಕ್ಕೆ ಸಿಗದೆ ಉಳಿದದ್ದು ಅಪ್ಪ.

ಹೆಚ್ಚಿನವರಿಗೆ ಪಿಡಿಎಫ್ ಹೋಗುತ್ತಿತ್ತು. ಕಾಲೇಜುಗಳಿಗೆ ಹಂಚಲು ಮಾತ್ರ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನಲ್ವತ್ತು ಪ್ರತಿ ತೆಗೆಸುತ್ತಿದ್ದೆ. ಅದರಲ್ಲೊಂದು ವಿಟ್ಲದ ಹತ್ತಿರ ನಮ್ಮ ಮನೆಗೆ. ಅಪ್ಪ ಏಳನೇ ಕ್ಲಾಸ್ ಓದಿದವರು, ಅಡಿಕೆ ಕೃಷಿ. ಕಂಪ್ಯೂಟರ್ ಮುಟ್ಟಿದವರಲ್ಲ. ಮಗ ತಂದ ಪತ್ರಿಕೆ ಅಂತ ಚಾವಡಿಯಲ್ಲಿ ಕನ್ನಡಕ ಹಾಕಿ ಎಂಟು ಪುಟವನ್ನೂ ಓದುತ್ತಿದ್ದರು. ಅರ್ಥ ಆಗದ ಶಬ್ದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ. ನಾನು ಊರಿಗೆ ಹೋದಾಗ ವಿಚಾರಣೆ.

“ಈ ಕರ್ನಲ್ ಅಂದರೆ ಎಂಥದಾ? ಮಿಲಿಟ್ರಿಯವನಾ?”

ನಕ್ಕುಬಿಟ್ಟೆ. ಆಮೇಲೆ ವಿವರಿಸಲು ಹೊರಟಾಗ ನಾಲಿಗೆ ತಡವರಿಸಿತು. ನಾಲ್ಕು ವರ್ಷ ಓದಿ ಪರೀಕ್ಷೆ ಬರೆದ ವಿಷಯ! ಕಡೆಗೆ ಅಂಗಳದಿಂದ ಒಂದು ಅಡಿಕೆ ಹೆಕ್ಕಿ, “ಸಿಪ್ಪೆ ನಮಗೆ ಕಾಣುವುದು, ಒಳಗೆ ಗಟ್ಟಿ ಇರುವುದು ಕರ್ನಲ್. ನಾವು ಒತ್ತುವ ಬಟನ್ನೆಲ್ಲ ಹೊರಗಿನದು, ಯಂತ್ರದಿಂದ ಕೆಲಸ ಮಾಡಿಸುವುದು ಒಳಗಿನದು” ಅಂದೆ. “ಹಾಗೆ ಬರೆಯಬಹುದಿತ್ತಲ್ಲ?” ಅಂದರು. ಮುಂದಿನ ತಿಂಗಳು ಹಾಗೆಯೇ ಬರೆದೆ. ಅಷ್ಟು ವರ್ಷದಲ್ಲಿ ವಿದ್ಯಾರ್ಥಿಗಳು ಹೆಚ್ಚು ಮೆಚ್ಚಿದ ಲೇಖನ ಅದೇ.

ಈಗ ಬ್ಲಾಗ್ ಚೆನ್ನಾಗಿ ನಡೆಯುತ್ತಿದೆ. ಹುಡುಕಿದವರಿಗೆ ತಕ್ಷಣ ಸಿಗುತ್ತದೆ. ಆದರೆ ಬಂದು ಓದುವವರು ಏನು ಹುಡುಕಬೇಕು ಅಂತ ಮೊದಲೇ ಗೊತ್ತಿದ್ದವರು. ಅವರಿಗೆ ಕರ್ನಲ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಹಾಗಾಗಿ ನಾನೂ ಹೇಳುವುದನ್ನು ಬಿಟ್ಟಿದ್ದೇನೆ. ಪತ್ರಿಕೆ ಹಾಗಲ್ಲ, ಹುಡುಕದವರ ಚಾವಡಿಗೂ ಹೋಗಿ ಕೂರುತ್ತಿತ್ತು.

ಕಳೆದ ಸಲ ಊರಿಗೆ ಹೋದಾಗ ಅಪ್ಪ ಕೇಳಿದರು, “ಮುಂದಿನ ಸಂಚಿಕೆ ಯಾವಾಗ?” ನಿಂತಿತು ಅನ್ನಲು ಬಾಯಿ ಬರಲಿಲ್ಲ. ಮೊಬೈಲಿನಲ್ಲಿ ಬ್ಲಾಗ್ ತೆರೆದು ಕೊಟ್ಟೆ. ಸಿಗ್ನಲ್ ಸಿಗುವ ಹಲಸಿನ ಮರದ ಬುಡಕ್ಕೆ ಹೋಗಿ, ಬೆರಳಲ್ಲಿ ಜಾರಿಸುತ್ತಾ ಸುಮಾರು ಹೊತ್ತು ನೋಡಿದರು.

“ಇದರ ಕೊನೇ ಪುಟ ಎಲ್ಲಿ?”

“ಕೊನೆ ಇಲ್ಲ ಅಪ್ಪ, ಹಾಗೇ ಹೋಗ್ತದೆ.”

“ಗೆರೆ ಎಳೆಯುವುದು ಹೇಗೆ ಮತ್ತೆ?” ಅಂದು ಮೊಬೈಲ್ ವಾಪಸ್ ಕೊಟ್ಟರು.

ಪತ್ರಿಕೆಯನ್ನು ಮತ್ತೆ ಶುರು ಮಾಡುವುದಿಲ್ಲ. ಅದು ಆಗುವ ಕೆಲಸ ಅಲ್ಲ, ನಿಲ್ಲಿಸಿದ್ದು ತಪ್ಪೂ ಅಲ್ಲ. ಈ ಶನಿವಾರ ಊರಿಗೆ ಹೋಗುವುದುಂಟು. ಈ ತಿಂಗಳ ಮೂರು ಬರಹಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಒಯ್ಯುವ ಅಂತ ನಿನ್ನೆ ರಾತ್ರಿ ಕೂತೆ. ಮೊದಲನೆಯದರ ಎರಡನೇ ಸಾಲಿನಲ್ಲೇ ‘ಕಂಟೇನರ್’ ಅಂತ ಬರೆದು ಮುಂದೆ ಹೋಗಿದ್ದೇನೆ. ಅಪ್ಪ ಏನು ಕೇಳುತ್ತಾರೆ ಅಂತ ಗೊತ್ತುಂಟು, ಬಂದರಿನಲ್ಲಿ ಇರ್ತದಲ್ಲ, ಅದಾ?

ಪ್ರಿಂಟ್ ಇನ್ನೂ ತೆಗೆದಿಲ್ಲ. ಬರಹ ತಿದ್ದುತ್ತಾ ಇದ್ದೇನೆ.