ಕಂಬಳಿಯೋ, ಪುಸ್ತಕವೋ?

ಬೋಧನಾಭ್ಯಾಸದ ಮೂರನೆಯ ವಾರ ಎಂಟನೆಯ ತರಗತಿಯವರಿಗೆ ಮನೆಯಲ್ಲಿ ನೋಡಲು ಒಂದು ಸಿನಿಮಾ ಹೇಳಿದೆ: 1985ರ ‘ಬೆಟ್ಟದ ಹೂವು’. ಬಾಲಕ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಕಾಡಿನ ಹೂಗಳಿರುವುದರಿಂದ ವಿಜ್ಞಾನದ ಪಾಠಕ್ಕೂ ಹೊಂದುತ್ತದೆ ಎಂಬುದು ನನ್ನ ಲೆಕ್ಕ.

ಸೋಮವಾರ, ನೋಡಿದವರಿಂದ ನೋಡದವರಿಗೆ ಕತೆ ಹೇಳಿಸಿದೆ. ಅಭಿಪ್ರಾಯ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಚೆನ್ನಾಗಿದೆ ಸರ್.’ ಪ್ರಶ್ನೆ ಬದಲಿಸಿದೆ. ‘ರಾಮಾಯಣ ದರ್ಶನಂ ಕೊಳ್ಳಲು ಹೂ ಮಾರಿ ಕೂಡಿಟ್ಟ ದುಡ್ಡಲ್ಲಿ ರಾಮು ಮನೆಯವರಿಗೆ ಕಂಬಳಿ ತಂದನಲ್ಲ, ಸರಿಯೇ?’ ತರಗತಿ ಎರಡು ಪಾಲಾಯಿತು. ‘ಪುಸ್ತಕ ಬಿಡಬಾರದಿತ್ತು’ ಎಂದರು ಕೆಲವರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಚಳಿಗೆ ಪುಸ್ತಕ ಹೊದ್ಕೊಳಕ್ಕಾಗಲ್ಲ ಸರ್’ ಎಂದ. ಯಾರೂ ನಗಲಿಲ್ಲ.

ನೋಟ್‌ಬುಕ್ ತಂದಿಲ್ಲವೆಂದು ಹಿಂದಿನ ವಾರವಷ್ಟೇ ಅವನನ್ನು ಹೊರಗೆ ನಿಲ್ಲಿಸಿದ್ದೆ. ಕಾರಣ ಕೇಳಿರಲಿಲ್ಲ. ಬಿಡುವಿನಲ್ಲಿ ಕೇಳಿದೆ. ನೋಟ್‌ಬುಕ್ಕಿನ ದುಡ್ಡು ತಂಗಿಯ ಔಷಧಿಗೆ ಹೋಗಿತ್ತು.

ಸಿನಿಮಾ ‘ಹೇಗಿತ್ತು’ ಎಂದು ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರ ಕೊಡುತ್ತಾರೆ. ‘ಅವನು ಮಾಡಿದ್ದು ಸರಿಯೇ’ ಎಂದು ಕೇಳಿದರೆ ತಮ್ಮದನ್ನು ಹೇಳುತ್ತಾರೆ. ಮಾರನೆಯ ದಿನ ಅವನು ಹಳೆಯ ಹಾಳೆಗಳನ್ನು ಹೊಲಿದು ತಂದಿದ್ದ. ಸಹಿ ಹಾಕಿದೆ.