ನೀರು ಹೆಚ್ಚಾಗಿ ಸತ್ತ ಗಿಡ

2023ರ ಬೇಸಿಗೆ ರಜೆಯಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳ ಮದುವೆ ಮುರಿದು ಎಂಟು ತಿಂಗಳಾಗಿತ್ತು. "ನೀನು ಬರಬೇಕಾದ್ದಿಲ್ಲಮ್ಮ, ಚೆನ್ನಾಗಿದ್ದೇನೆ" ಎಂದಿದ್ದಳು. ಮಗಳು ಹಾಗೆಂದಳೆಂದು ಸುಮ್ಮನೆ ಕೂರುವ ತಾಯಿ ಯಾರಿದ್ದಾರೆ? ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡು ಹೊರಟೆ.

ಅವಳ ಅಂಗಳದಲ್ಲಿ ಹುಲ್ಲಿರಲಿಲ್ಲ, ಬರೀ ಜಲ್ಲಿಕಲ್ಲು. ಆ ಊರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 10 ಸೆಂಟಿಮೀಟರ್. ಕುಡಿಯುವ ನೀರು ಬಹುಪಾಲು ಕೊಲರಾಡೊ ನದಿಯ ಮೀಡ್ ಜಲಾಶಯದ್ದು. 1930ರ ದಶಕದಲ್ಲಿ ಅದು ತುಂಬತೊಡಗಿದ ಮೇಲೆ ಎಂದೂ ಕಾಣದ ಮಟ್ಟಕ್ಕೆ 2022ರಲ್ಲಿ ಇಳಿದಿತ್ತು. ಹುಲ್ಲುಹಾಸು ಕಿತ್ತು ಒಣನೆಲದ ಗಿಡ ನೆಟ್ಟರೆ ಅಲ್ಲಿಯ ನೀರಿನ ಮಂಡಳಿಯೇ ಹಣ ಕೊಡುತ್ತದೆ.

ಜಲ್ಲಿಯ ನಡುವೆ ಮೊಣಕಾಲೆತ್ತರದ ಗಿಡವೊಂದಿತ್ತು. ಬೂದಿ ಮೆತ್ತಿದಂಥ ಪುಟ್ಟ ಎಲೆ. ಉಜ್ಜಿದರೆ ಘಾಟು ಪರಿಮಳ. ಮರುಭೂಮಿಯ ಸೇಜ್, ಸಾಲ್ವಿಯಾ ಡೋರಿ ಎಂದಳು ಮಗಳು. ನಮ್ಮ ತುಳಸಿ, ಪುದೀನಗಳ ಕುಟುಂಬದ್ದೇ. ಅಲ್ಲಿಯ ಪಾಯೂಟ್, ಶೊಶೋನಿ ಬುಡಕಟ್ಟಿನವರು ನೆಗಡಿಗೆ ಇದರ ಕಷಾಯ ಕುಡಿಯುತ್ತಿದ್ದರಂತೆ. ತುಳಸಿಯ ಬಳಗವೆಂದ ಮೇಲೆ ಕೇಳಬೇಕೆ? ಬೆಳಿಗ್ಗೆ ಸ್ನಾನವಾದೊಡನೆ ಒಂದು ಚೊಂಬು ನೀರು, ಸಂಜೆ ಇನ್ನೊಂದು.

ನಾನು ಚಳ್ಳಕೆರೆ ಕಡೆಯವಳು. ಎರಡು ಕೊಡ ನೀರಿಗೆ ಬಾವಿಯ ಬಳಿ ಗಂಟೆಗಟ್ಟಲೆ ನಿಂತು ಬೆಳೆದವಳು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಗಿಡವನ್ನು ಒಣಗಿಸುವುದು ಪಾಪವೆನ್ನಿಸುತ್ತದೆ. ಎಲೆ ಹಳದಿಯಾದಾಗ ಬಾಯಾರಿಕೆ ಎಂದುಕೊಂಡು ಮೂರು ಚೊಂಬು ಹಾಕಿದೆ. ಮೂರು ವಾರದಲ್ಲಿ ಗಿಡ ಕಪ್ಪಾಯಿತು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಅದರ ಬೇರಿಗೆ ನೀರಿಗಿಂತ ಗಾಳಿ ಮುಖ್ಯವಂತೆ.

ಮಗಳು ಬೈಯಲಿಲ್ಲ. ಆ ಭಾನುವಾರ ಊರಾಚೆಯ ರೆಡ್ ರಾಕ್ ಕಣಿವೆಗೆ ಕರೆದೊಯ್ದಳು. ಕೆಂಪು ಬಂಡೆಗಳ ಬುಡದಲ್ಲಿ, ಮಣ್ಣೇ ಇಲ್ಲವೆನ್ನಿಸುವ ಕಡೆ, ಅದೇ ಗಿಡ ಮೈತುಂಬ ನೀಲಿ-ನೇರಳೆ ಹೂ ಬಿಟ್ಟು ನಿಂತಿತ್ತು. ಜೇನುಹುಳುಗಳು ಮುತ್ತಿದ್ದವು. "ಆ ಬೂದಿಬಣ್ಣ ಕಾಯಿಲೆಯಲ್ಲಮ್ಮ" ಎಂದಳು. "ಎಲೆಯ ಮೇಲಿನ ನವಿರು ರೋಮ. ಬಿಸಿಲನ್ನು ಹಿಂದಕ್ಕೆ ಕಳಿಸಿ ಒಳಗಿನ ತೇವ ಕಾಯುತ್ತದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದಳು: "ನೀನು ಬಂದಾಗಿನಿಂದ ದಿನಕ್ಕೆ ಹತ್ತು ಸಲ 'ಹೇಗಿದ್ದೀಯ' ಅಂತ ಕೇಳ್ತಿದ್ದೀಯ. ಪ್ರತಿ ಸಲವೂ ಚೆನ್ನಾಗಿರೋ ಹಾಗೆ ನಟಿಸಬೇಕಾಗುತ್ತೆ."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. ಬರುವಾಗ ಕಾರಿನಲ್ಲಿ ಏನೂ ಕೇಳಲಿಲ್ಲ. ಅಷ್ಟು ದೂರ ಬಾಯಿ ಮುಚ್ಚಿ ಕೂತದ್ದು ನನಗೆ ಸುಲಭವಿರಲಿಲ್ಲ. ಮನೆ ಹತ್ತಿರವಾದಾಗ ಅವಳೇ ಮಾತು ತೆಗೆದಳು. ಆ ರಾತ್ರಿ ಎರಡು ಗಂಟೆಯವರೆಗೂ ಅವಳು ಹೇಳಿದಳು, ನಾನು ಕೇಳಿದೆ.

ನಾನು ಹೊರಡುವ ಮುನ್ನ ಅದೇ ಜಾತಿಯ ಇನ್ನೊಂದು ಗಿಡ ತಂದು ನೆಟ್ಟಳು. ಹೊಸ ಗಿಡಕ್ಕೆ ಬೇರೂರುವ ತನಕ ಅಷ್ಟಿಷ್ಟು ನೀರು ಬೇಕಂತೆ. ಅದನ್ನು ಅವಳೇ ಹಾಕಿದಳು. ಚೊಂಬು ಕೈಯಲ್ಲಿ ಹಿಡಿದು ನಾನು ಬಾಗಿಲಲ್ಲೇ ನಿಂತೆ.