ಬಣ್ಣಕ್ಕೆ ಮುಂಚಿನ ಬಿಳುಪು

ಮುಂಬಯಿಯ ನಮ್ಮ ಮನೆಯಲ್ಲಿ ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಎರಡು ಬಗೆಯ ಮೂರ್ತಿಗಳು ಬಣ್ಣಕ್ಕೆ ಕಾದಿರುತ್ತವೆ: ಚೌತಿಯ ಗಣಪ, ಮತ್ತೆ ಅಜ್ಜಿಯಿಂದ ಬಂದ ನವರಾತ್ರಿಯ ಮರದ ಬೊಂಬೆಗಳು. ಎರಡಕ್ಕೂ ಒಂದೇ ಡಬ್ಬಿಯ ಪ್ರೈಮರ್ ಆಗದೇ ಎಂದು ಮಗಳು ಕೇಳುತ್ತಾಳೆ. ಆಗದು.

ಗಣಪ ನೀರಿಗೆ ಹೋಗುವವನು. ಶಾಡೂ ಮಣ್ಣು ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ, ಸೀಮೆಸುಣ್ಣದ ಪುಡಿಗೆ ತೆಳು ಗೋಂದು ಬೆರೆಸಿ ಒಂದು ಕೈ ಬಳಿದರೆ ಸಾಕು; ಮಣ್ಣಿನೊಡನೆ ಅದೂ ಬಿಟ್ಟುಕೊಳ್ಳುತ್ತದೆ. ಎಣ್ಣೆಯ ಪ್ರೈಮರ್ ಆದರೆ ಕರಗದ ಸಿಪ್ಪೆಯಾಗಿ ನೀರಿನಲ್ಲಿ ಉಳಿಯುತ್ತದೆ.

ಬೊಂಬೆ ಉಳಿಯಬೇಕಾದದ್ದು. ಸುಲಿದ ಕಡೆ ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಧೂಳು ಒರೆಸಿ, ಮರದ ಪ್ರೈಮರನ್ನು ತೆಳುವಾಗಿ ಎರಡು ಸಲ ಕೊಡಬೇಕು. ಮೊದಲನೆಯದು ಒಣಗದೆ ಎರಡನೆಯದು ಬೇಡ. ದಪ್ಪ ಬಳಿದರೆ ಬೆರಳು, ಒಡವೆಗಳ ಗೆರೆ ಮುಚ್ಚಿಹೋಗುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟು, ಕಲ್ಲುಪುಡಿಗಳ ಲೇಪ ಕೊಟ್ಟ ಮೇಲೆಯೇ ಬಣ್ಣದ ಕುಂಚ ಹಿಡಿಯುತ್ತಾರೆ. ಹಳದಿ, ಕೆಂಪುಗಳು ಬೆಳಗುವುದು ಬಿಳಿಯ ತಳದ ಮೇಲೆ. ಬರಿಯ ಮರದ ಮೇಲೆ ಮಂಕಾಗುತ್ತವೆ.

ಹಳೆಯ ಬಣ್ಣ ಗಟ್ಟಿಯಾಗಿರುವಲ್ಲಿ ನಾನು ಕೆರೆಯುವುದಿಲ್ಲ. ಮುಖವನ್ನಂತೂ ಮುಟ್ಟುವುದೇ ಇಲ್ಲ. ಆ ಕಣ್ಣು ಬರೆದ ಕೈ ಇನ್ನು ಸಿಗದು.